ತಾಯಿಯ ಹೆಸರು ಹೊತ್ತ ದೊರೆ: ಡೆನ್ಮಾರ್ಕ್‌ನ ಸ್ವೆನ್ ಎಸ್ಟ್ರಿಡ್‌ಸೆನ್

ಈ ಸಲದ ಮಾತನ್ನು ಎರಡು ಕಂಬಗಳಿಂದ ಶುರು ಮಾಡ್ತೀನಿ.

ಡೆನ್ಮಾರ್ಕ್‌ನಲ್ಲಿ ರೋಸ್ಕಿಲ್ಡ ಅಂತ ಒಂದು ಊರಿದೆ. ರಾಜಧಾನಿ ಕೋಪನ್‌ಹೇಗನ್‌ನಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್. ಅಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಕೆಥೆಡ್ರಲ್ ಇದೆ. ಡೆನ್ಮಾರ್ಕ್‌ನ ರಾಜರು, ರಾಣಿಯರು ಸೇರಿ ಸುಮಾರು 40 ಮಂದಿಯ ಸಮಾಧಿಗಳು ಆ ಒಂದೇ ಚರ್ಚಿನಲ್ಲಿವೆ. 1995ರಿಂದ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಪೂಜಾವೇದಿಕೆಯ ಸುತ್ತಲಿನ ಕಂಬಗಳಲ್ಲಿ ಒಂದರ ಒಳಗೆ ಗೂಡು ಮಾಡಿ ಒಬ್ಬ ರಾಜನ ಮೂಳೆಗಳನ್ನು ಇಟ್ಟಿದ್ದಾರೆ. ಇನ್ನೊಂದು ಕಂಬದೊಳಗೆ ಒಬ್ಬ ಹೆಂಗಸಿನ ಮೂಳೆಗಳಿವೆ. ಆಕೆ ಆ ರಾಜನ ತಾಯಿ ಅಂತ ಜನ ನೂರಾರು ವರ್ಷ ನಂಬಿಕೊಂಡು ಬಂದಿದ್ದರು.

ಆಕೆ ನಿಜವಾಗಿ ಅವನ ತಾಯಿಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಕೊನೆಯಲ್ಲಿ ಹೇಳ್ತೀನಿ. ಅದಕ್ಕೂ ಮುಂಚೆ ಈ ತಾಯಿ-ಮಗ ಯಾರು ಅಂತ ನೋಡೋಣ. ರಾಜನ ಹೆಸರು ಸ್ವೆನ್ ಎಸ್ಟ್ರಿಡ್‌ಸೆನ್. ಡೆನ್ಮಾರ್ಕನ್ನು ಆಳಿದ್ದು 1047ರಿಂದ 1076ರವರೆಗೆ. ವೈಕಿಂಗ್ ಕಾಲದ ಕೊನೆಯ ಡ್ಯಾನಿಶ್ ರಾಜ ಅಂತ ಇವನನ್ನು ಕರೆಯೋದುಂಟು.

ಅವನ ಹೆಸರನ್ನೇ ಸ್ವಲ್ಪ ಗಮನಿಸಿ. ಎಸ್ಟ್ರಿಡ್‌ಸೆನ್ ಅಂದರೆ ಎಸ್ಟ್ರಿಡ್‌ಳ ಮಗ. ಆ ನಾಡಿನಲ್ಲಿ ಮಗನ ಹೆಸರಿನ ಜೊತೆ ಬರುತ್ತಿದ್ದದ್ದು ತಂದೆಯ ಹೆಸರು. ಹಾಗೆ ನೋಡಿದರೆ ಇವನು ಉಲ್ಫ್‌ಸೆನ್ ಆಗಬೇಕಿತ್ತು, ಯಾಕೆಂದರೆ ತಂದೆಯ ಹೆಸರು ಉಲ್ಫ್. ಐಸ್‌ಲ್ಯಾಂಡ್‌ನಲ್ಲಿ ಬರೆದ ಸಾಗಾ ಕಥೆಗಳಲ್ಲಿ ಇವನನ್ನು ಉಲ್ಫ್‌ನ ಮಗ ಸ್ವೆನ್ ಅಂತಲೇ ಕರೆದಿದ್ದಾರೆ. ಆದರೆ ಡೆನ್ಮಾರ್ಕ್‌ನ ಇತಿಹಾಸದಲ್ಲಿ ಉಳಿದದ್ದು ತಾಯಿಯ ಹೆಸರು. ಅಷ್ಟೇ ಅಲ್ಲ, ಇವನಿಂದ ಶುರುವಾಗಿ ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದ ಇಡೀ ರಾಜವಂಶಕ್ಕೆ ಎಸ್ಟ್ರಿಡ್‌ಸೆನ್ ವಂಶ ಅಂತಲೇ ಹೆಸರು.

ಯಾಕೆ ಹೀಗಾಯ್ತು? ಉತ್ತರ ಸರಳ. ಅವನಿಗೆ ಸಿಂಹಾಸನದ ಹಕ್ಕು ಬಂದದ್ದು ತಾಯಿಯ ಕಡೆಯಿಂದ.

ಸಂಬಂಧಗಳನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ಓದುವಾಗ ಎಲ್ಲರೂ ಅಂಕಲ್, ಎಲ್ಲರೂ ಕಸಿನ್. ತಲೆ ಕೆಟ್ಟು ಹೋಗುತ್ತೆ. ಕನ್ನಡದಲ್ಲಿ ಹೇಳಿದರೆ ತಟ್ಟನೆ ಅರ್ಥವಾಗುತ್ತೆ. ಎಸ್ಟ್ರಿಡ್ ಡೆನ್ಮಾರ್ಕ್‌ನ ರಾಜ ಸ್ವೆನ್ ಫೋರ್ಕ್‌ಬಿಯರ್ಡ್‌ನ ಮಗಳು. ಅವಳ ಒಡಹುಟ್ಟಿದವನು ಕ್ನೂಟ್. ಇಂಗ್ಲೆಂಡ್, ಡೆನ್ಮಾರ್ಕ್, ನಾರ್ವೆ ಮೂರನ್ನೂ ಆಳಿದ ಮಹಾನ್ ಕ್ನೂಟ್ ಅವನೇ. ಅಂದರೆ ನಮ್ಮ ಸ್ವೆನ್‌ಗೆ ಕ್ನೂಟ್ ಸೋದರಮಾವ. ಇನ್ನು ತಂದೆ ಉಲ್ಫ್ ರಾಜವಂಶದವನಲ್ಲ. ಅವನು ಯಾರ್ಲ್, ಅಂದರೆ ರಾಜನ ಕೆಳಗೆ ನಾಡನ್ನು ನೋಡಿಕೊಳ್ಳುವ ದೊಡ್ಡ ಸರದಾರ. ಉಲ್ಫ್‌ನ ತಂಗಿಯೋ ಅಕ್ಕನೋ ಆದ ಗೀಥಾಳನ್ನು ಇಂಗ್ಲೆಂಡ್‌ನ ಗಾಡ್ವಿನ್ ಎಂಬ ದೊಡ್ಡ ಸರದಾರನಿಗೆ ಕೊಟ್ಟಿತ್ತು. ಅವರ ಮಗನೇ ಹೆರಾಲ್ಡ್, 1066ರಲ್ಲಿ ಹೇಸ್ಟಿಂಗ್ಸ್ ಯುದ್ಧದಲ್ಲಿ ಸತ್ತ ಇಂಗ್ಲೆಂಡ್‌ನ ರಾಜ. ಅವನು ಸ್ವೆನ್‌ಗೆ ಸೋದರತ್ತೆಯ ಮಗ.

ಸ್ವೆನ್ ಹುಟ್ಟಿದ್ದು 1019ರ ಸುಮಾರಿಗೆ. ಅವನು ಇನ್ನೂ ಚಿಕ್ಕ ಹುಡುಗನಾಗಿದ್ದಾಗ, 1026ರಲ್ಲಿ, ತಂದೆ ಉಲ್ಫ್‌ನನ್ನು ರೋಸ್ಕಿಲ್ಡದಲ್ಲಿ ಕೊಂದರು. ಕೊಲ್ಲಿಸಿದ್ದು ಸೋದರಮಾವ ಕ್ನೂಟ್. ಸಾಗಾ ಕಥೆಯ ಪ್ರಕಾರ ಇಬ್ಬರೂ ಚದುರಂಗದಂಥ ಆಟ ಆಡುತ್ತಾ ಜಗಳವಾಡಿದರು. ಮರುದಿನ ಬೆಳಿಗ್ಗೆ ಕ್ನೂಟ್ ಆಳನ್ನು ಕಳಿಸಿ ಚರ್ಚಿನೊಳಗೇ ಭಾವನನ್ನು ಕೊಲ್ಲಿಸಿದ. ಆಟದ ಜಗಳ ಕಥೆಯೇ ಇರಬಹುದು, ಕಥೆ ಬರೆದದ್ದು ಎಷ್ಟೋ ಕಾಲದ ಮೇಲೆ. ಹಿಂದಿನ ಕಾರಣ ರಾಜಕೀಯದ್ದು: ಕ್ನೂಟ್ ಇಂಗ್ಲೆಂಡ್‌ನಲ್ಲಿದ್ದಾಗ ಉಲ್ಫ್ ಡೆನ್ಮಾರ್ಕ್‌ನಲ್ಲಿ ತುಂಬಾ ಬೆಳೆದುಬಿಟ್ಟಿದ್ದ.

ಈಗ ಎಸ್ಟ್ರಿಡ್‌ಳ ಸ್ಥಿತಿ ಯೋಚಿಸಿ. ಗಂಡ ಹೋದ, ಕೊಲ್ಲಿಸಿದವನು ಒಡಹುಟ್ಟಿದವನು. ಕ್ನೂಟ್ ಅವಳಿಗೆ ಪರಿಹಾರವಾಗಿ ಭೂಮಿ ಕೊಟ್ಟ. ಅವಳು ಆ ಭೂಮಿಯನ್ನು ಗಂಡ ಸತ್ತ ಆ ಚರ್ಚಿಗೇ ಕೊಟ್ಟಳು, ಮರದ ಚರ್ಚಿನ ಜಾಗದಲ್ಲಿ ಕಲ್ಲಿನ ಚರ್ಚು ಕಟ್ಟಿಸಿದಳು ಅಂತ ಪರಂಪರೆಯ ಮಾತು. ನಾನು ಮೊದಲು ಹೇಳಿದ ಇಟ್ಟಿಗೆಯ ಕೆಥೆಡ್ರಲ್ ಅದೇ ಜಾಗದಲ್ಲಿ ಆಮೇಲೆ ಎದ್ದದ್ದು.

ಹುಡುಗ ಸ್ವೆನ್ ಬೆಳೆದು ಸ್ವೀಡನ್‌ಗೆ ಹೋಗಿ ಅಲ್ಲಿನ ರಾಜನ ಸೇವೆಯಲ್ಲಿ ವರ್ಷಗಟ್ಟಲೆ ಇದ್ದ. 1035ರಲ್ಲಿ ಕ್ನೂಟ್ ಸತ್ತ. 1042ರಲ್ಲಿ ಕ್ನೂಟ್‌ನ ಮಗ ಹಾರ್ಥಕ್ನೂಟ್ ಲಂಡನ್ ಹತ್ತಿರ ಒಂದು ಮದುವೆಯ ಊಟದಲ್ಲಿ ಕುಡಿಯುತ್ತಾ ನಿಂತಿದ್ದವನು ಕುಸಿದು ಬಿದ್ದು ಸತ್ತುಹೋದ. ಅಲ್ಲಿಗೆ ಆ ಮನೆತನದ ಗಂಡು ಸಂತಾನ ಮುಗಿಯಿತು. ಉಳಿದದ್ದು ಹೆಣ್ಣುಮಗಳು ಎಸ್ಟ್ರಿಡ್, ಅವಳ ಮಕ್ಕಳು.

ಆದರೆ ಸಿಂಹಾಸನ ಸುಲಭಕ್ಕೆ ಸಿಗಲಿಲ್ಲ. ಹಾರ್ಥಕ್ನೂಟ್ ಬದುಕಿದ್ದಾಗ ನಾರ್ವೆಯ ರಾಜ ಮಾಗ್ನುಸ್ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದ: ನಮ್ಮಿಬ್ಬರಲ್ಲಿ ಯಾರು ಮೊದಲು ಸಾಯುತ್ತಾರೋ ಅವರ ರಾಜ್ಯ ಇನ್ನೊಬ್ಬರಿಗೆ. ಆ ಲೆಕ್ಕದಲ್ಲಿ ಡೆನ್ಮಾರ್ಕ್ ಮಾಗ್ನುಸ್‌ಗೆ ಹೋಯಿತು. ಮಾಗ್ನುಸ್ ಸ್ವೆನ್‌ನನ್ನು ಯಾರ್ಲ್ ಮಾಡಿದ. ಸ್ವೆನ್ ಸ್ವಲ್ಪ ದಿನದಲ್ಲೇ ವಿಬೋರ್ಗ್‌ನ ಜನಸಭೆಯಲ್ಲಿ ತನ್ನನ್ನು ರಾಜ ಅಂತ ಘೋಷಿಸಿಕೊಂಡ. ಮಾಗ್ನುಸ್ ಬಂದು ಸೋಲಿಸಿ ಓಡಿಸಿದ. ಹೀಗೇ ಐದು ವರ್ಷ ನಡೆಯಿತು. 1047ರ ಅಕ್ಟೋಬರ್‌ನಲ್ಲಿ ಮಾಗ್ನುಸ್ ಸತ್ತಾಗ, ನಾರ್ವೆ ತನ್ನ ಚಿಕ್ಕಪ್ಪ ಹರಾಲ್ಡ್‌ಗೆ, ಡೆನ್ಮಾರ್ಕ್ ಸ್ವೆನ್‌ಗೆ ಅಂತ ಹೇಳಿ ಸತ್ತ ಅಂತಾರೆ. ಹರಾಲ್ಡ್ ಒಪ್ಪಲಿಲ್ಲ. ಅವನು ಕಠೋರ ಆಳ್ವಿಕೆಗೆ ಹೆಸರಾದ ಹರಾಲ್ಡ್ ಹಾರ್ಡ್ರಾಡ. ಮುಂದಿನ ಹದಿನೇಳು ವರ್ಷ ಅವನು ಡೆನ್ಮಾರ್ಕ್‌ನ ಕರಾವಳಿಯನ್ನು ಸುಡುತ್ತಾ ಬಂದ. 1050ರ ಸುಮಾರಿಗೆ ಹೆಡೆಬಿ ಎಂಬ ದೊಡ್ಡ ವ್ಯಾಪಾರದ ಪಟ್ಟಣವನ್ನೇ ಸುಟ್ಟ.

1062ರ ಆಗಸ್ಟ್ 9ರಂದು ನಿಸೋ ನದಿಯ ಬಾಯಲ್ಲಿ ದೊಡ್ಡ ನೌಕಾಯುದ್ಧ. ಸ್ವೆನ್ ಸೋತ. ಅವನು ತಪ್ಪಿಸಿಕೊಂಡ ಬಗ್ಗೆ ಸಾಗಾದಲ್ಲಿ ಒಂದು ಚೆಂದದ ಕಥೆ ಇದೆ. ವೇಷ ಮರೆಸಿಕೊಂಡು ಒಬ್ಬ ರೈತನ ಮನೆ ಸೇರಿದ. ಮನೆಯಾಕೆಗೆ ಇವನು ಯಾರು ಅಂತ ಗೊತ್ತಿಲ್ಲ. ನಮ್ಮ ರಾಜ ಕುಂಟನೂ ಹೌದು, ಹೇಡಿಯೂ ಹೌದು ಅಂತ ಅವನೆದುರೇ ಬೈದಳು. ಕೈತೊಳೆದ ಮೇಲೆ ಇವನು ಟವೆಲಿನ ನಡುಭಾಗದಲ್ಲಿ ಕೈ ಒರೆಸಿಕೊಂಡ. ಆಕೆ ಟವೆಲ್ ಕಿತ್ತುಕೊಂಡು, ಇಡೀ ಬಟ್ಟೆ ಒದ್ದೆ ಮಾಡ್ತೀಯಲ್ಲ, ಹಳ್ಳಿಗಮಾರ ಅಂತ ಗದರಿದಳು. ಟವೆಲಿನ ನಡುವೆ ಒರೆಸಿಕೊಳ್ಳುವ ಕಾಲ ನನಗೂ ಬಂದೀತು ಅಂದನಂತೆ ಸ್ವೆನ್. ಆಮೇಲೆ ಆ ರೈತನಿಗೆ ಭೂಮಿ ಕೊಟ್ಟ. ಬೈದ ಹೆಂಗಸಿಗೆ ಮಾತ್ರ ಅಲ್ಲಿಗೆ ಬರಲು ಬಿಡಲಿಲ್ಲ!

ಕಥೆ ಎಷ್ಟು ನಿಜವೋ, ಆದರೆ ಸ್ವೆನ್‌ನ ಸ್ವಭಾವ ಅದರಲ್ಲಿದೆ. ಅವನು ಯುದ್ಧಗಳನ್ನು ಸೋಲುತ್ತಿದ್ದ, ರಾಜ್ಯವನ್ನು ಕಳೆದುಕೊಳ್ಳುತ್ತಿರಲಿಲ್ಲ. 1064ರಲ್ಲಿ ಹರಾಲ್ಡ್ ಸೋತು ಅಲ್ಲ, ಸುಸ್ತಾಗಿ ಸಂಧಿ ಮಾಡಿಕೊಂಡ. ಎರಡು ವರ್ಷದಲ್ಲಿ ಇಂಗ್ಲೆಂಡ್ ಗೆಲ್ಲಲು ಹೋಗಿ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಸತ್ತ. ಸ್ವೆನ್ ಉಳಿದ.

ಇಂಗ್ಲೆಂಡ್ ಮೇಲೆ ಸ್ವೆನ್‌ಗೂ ಕಣ್ಣಿತ್ತು. ಅದು ಸೋದರಮಾವನ ರಾಜ್ಯವಲ್ಲವೇ? 1069ರಲ್ಲಿ ದೊಡ್ಡ ನೌಕಾಪಡೆ ಕಳಿಸಿದ, ಯಾರ್ಕ್ ಪಟ್ಟಣ ಕೈಗೂ ಬಂತು. ಆದರೆ ವಿಲಿಯಂ ದೊರೆಯ ಮುಂದೆ ನಿಲ್ಲಲಾಗಲಿಲ್ಲ. ಮರುವರ್ಷ ಸಂಧಿ ಮಾಡಿಕೊಂಡು ವಾಪಸಾದರು.

ಅವನ ಇನ್ನೊಂದು ಮುಖವೂ ಇದೆ. ಜರ್ಮನಿಯ ಬ್ರೆಮೆನ್‌ನಿಂದ ಆಡಮ್ ಎಂಬ ಪಾದ್ರಿ ಬಂದು ಇವನನ್ನು ಭೇಟಿಯಾದ. ಉತ್ತರ ದೇಶಗಳ ಚರಿತ್ರೆ ಬರೆಯಬೇಕು ಅಂತ ಅವನ ಆಸೆ. ಸ್ವೆನ್ ಓದು ಬಲ್ಲವನು, ನೆನಪಿನ ಶಕ್ತಿ ಅಪಾರ. ಹಿಂದಿನ ರಾಜರ, ಸಮುದ್ರಗಳ, ದ್ವೀಪಗಳ ವಿಷಯವನ್ನು ಪುಸ್ತಕ ಓದಿದ ಹಾಗೆ ಹೇಳುತ್ತಿದ್ದನಂತೆ. ಪಶ್ಚಿಮ ಸಮುದ್ರದಾಚೆ ಕಾಡು ದ್ರಾಕ್ಷಿ ಬೆಳೆಯುವ ವಿನ್‌ಲ್ಯಾಂಡ್ ಅಂತ ಒಂದು ನೆಲ ಇದೆ ಅಂತಲೂ ಹೇಳಿದ. ಆಡಮ್ 1075ರ ಸುಮಾರಿಗೆ ಮುಗಿಸಿದ ಪುಸ್ತಕದಲ್ಲಿ ಅದು ದಾಖಲಾಯಿತು. ವೈಕಿಂಗರು ಕಂಡ ಅಮೆರಿಕದ ಬಗ್ಗೆ ಬರಹದಲ್ಲಿ ಸಿಗುವ ಅತಿ ಹಳೆಯ ಉಲ್ಲೇಖಗಳಲ್ಲಿ ಅದೂ ಸೇರುತ್ತೆ. ಕೊಲಂಬಸ್‌ಗೆ ಇನ್ನೂ ನಾನೂರು ವರ್ಷ ಇತ್ತು ನೋಡಿ.

ಹೊಗಳಿದ ಆಡಮ್ ಒಂದು ದೋಷವನ್ನೂ ಬರೆದಿಟ್ಟ: ಹೆಣ್ಣಿನ ಚಪಲ. ಸ್ವೆನ್ ಸ್ವೀಡನ್ ಕಡೆಯ ಒಬ್ಬ ಹತ್ತಿರದ ಸಂಬಂಧಿಕಳನ್ನು ಮದುವೆಯಾಗಿದ್ದ. ರಕ್ತಸಂಬಂಧದ ಮದುವೆ ಸಲ್ಲದು ಅಂತ ಚರ್ಚು ಪಟ್ಟುಹಿಡಿಯಿತು. ಸ್ವೆನ್ ಮೊದಲು ಸಿಟ್ಟಾದ, ಕೊನೆಗೆ ಅವಳನ್ನು ಬಿಟ್ಟ. ಬಿಟ್ಟವನು ಸುಮ್ಮನಿರಲಿಲ್ಲ. ಅವನಿಗೆ ಬೇರೆ ಬೇರೆ ಹೆಂಗಸರಲ್ಲಿ ಕನಿಷ್ಠ 20 ಮಕ್ಕಳು ಅಂತ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಿಷಯ ಒಂದಿದೆ. ಆ ಮಕ್ಕಳಲ್ಲಿ ಐದು ಜನ ಒಬ್ಬರ ನಂತರ ಒಬ್ಬರು ಡೆನ್ಮಾರ್ಕ್‌ನ ರಾಜರಾದರು. ಒಬ್ಬೊಬ್ಬರ ಹೆಸರೂ, ಅಡ್ಡಹೆಸರೂ, ಸತ್ತ ಬಗೆಯೂ ನಮಗೆ ಗೊತ್ತು. ಆದರೆ ಆ ಐವರನ್ನು ಹೆತ್ತ ತಾಯಂದಿರು ಯಾರು ಅಂತ ಖಚಿತವಾಗಿ ಎಲ್ಲೂ ಬರೆದಿಲ್ಲ. ತಾಯಿಯ ಹೆಸರಿನಿಂದ ರಾಜನಾದವನ ಮಕ್ಕಳಿಗೆ ತಾಯಿಯ ಹೆಸರೇ ಇಲ್ಲ! ತಾಯಿ ರಾಜನ ಮಗಳಾದರೆ ಮಾತ್ರ ಅವಳ ಹೆಸರು ಉಳಿಯುತ್ತೆ, ಇಲ್ಲದಿದ್ದರೆ ಇಲ್ಲ.

ಸ್ವೆನ್ 1076ರ ಏಪ್ರಿಲ್‌ನಲ್ಲಿ ತೀರಿಕೊಂಡ. ಆಗ ಡೆನ್ಮಾರ್ಕ್‌ನಲ್ಲಿ ಹಿರಿಯ ಮಗನಿಗೇ ಪಟ್ಟ ಅನ್ನುವ ನಿಯಮ ಇರಲಿಲ್ಲ. ರಾಜರಕ್ತ ಇರಬೇಕು, ಜನಸಭೆ ಆರಿಸಬೇಕು, ಅಷ್ಟೇ. ರಾಜರಕ್ತ ಇದ್ದವರೋ ಮನೆ ತುಂಬ. ಮೊದಲು ಹರಾಲ್ಡ್, 1080ರವರೆಗೆ. ಅವನು ಹಾಸಿಗೆಯಲ್ಲಿ ಸತ್ತ ಪುಣ್ಯವಂತ. ಆಮೇಲೆ ಕ್ನೂಟ್. ಇವನು ಇಂಗ್ಲೆಂಡ್ ಮೇಲೆ ಹೋಗಲು ನೌಕಾಪಡೆ ಕೂಡಿಸಿದ, ತೆರಿಗೆ ದಂಡ ಅಂತ ಜನರನ್ನು ಹಿಂಡಿದ. ಜನ ದಂಗೆಯೆದ್ದರು. 1086ರ ಜುಲೈ 10ರಂದು ಒಡೆನ್ಸ್ ಊರಿನ ಚರ್ಚಿನೊಳಗೆ ಇವನನ್ನೂ ತಮ್ಮ ಬೆನೆಡಿಕ್ಟ್‌ನನ್ನೂ ಕೊಂದರು. ಹದಿನೈದು ವರ್ಷದ ಮೇಲೆ ಚರ್ಚು ಅವನನ್ನು ಸಂತ ಅಂತ ಘೋಷಿಸಿತು. ಮೂರನೆಯವನು ಓಲುಫ್. ಅವನ ಕಾಲದಲ್ಲಿ ಬರಗಾಲ. ಸಂತನನ್ನು ಕೊಂದ ಪಾಪ ಅಂದರು ಜನ. ಅವನ ಅಡ್ಡಹೆಸರೇ ‘ಹಸಿವು’. ನಾಲ್ಕನೆಯವನು ಎರಿಕ್, 1095ರಿಂದ; ಜನಪ್ರಿಯ. ಜೆರುಸಲೇಂ ಯಾತ್ರೆಗೆ ಹೊರಟು 1103ರಲ್ಲಿ ಸೈಪ್ರಸ್ ದ್ವೀಪದಲ್ಲಿ ತೀರಿಕೊಂಡ. ಅವನ ಹೆಂಡತಿ ಬೋಡಿಲ್ ಯಾತ್ರೆ ಮುಂದುವರಿಸಿ ಜೆರುಸಲೇಂನಲ್ಲಿ ಸತ್ತಳು. ಐದನೆಯವನು ನೀಲ್ಸ್, 1104ರಿಂದ 1134ರವರೆಗೆ ಮೂವತ್ತು ವರ್ಷ.

ಅಣ್ಣ-ತಮ್ಮಂದಿರು ಇರುವವರೆಗೆ ಹೇಗೋ ನಡೆಯಿತು. ಅವರ ಮಕ್ಕಳ ಕಾಲಕ್ಕೆ ಸಮಸ್ಯೆ ಶುರು. ಐದು ರಾಜರ ಮಕ್ಕಳು, ಎಲ್ಲರಿಗೂ ಒಂದೇ ಸಿಂಹಾಸನದ ಮೇಲೆ ಸಮಾನ ಹಕ್ಕು.

ಮೊದಲ ಜಗಳ ಬಂದದ್ದು ಹೆಣ್ಣುಮಗಳ ಪಾಲಿನ ಮೇಲೆ. ಸ್ವೆನ್‌ನ ಒಬ್ಬ ಮಗಳು ಸಿಗ್ರಿಡ್. ಅವಳನ್ನು ಬಾಲ್ಟಿಕ್ ತೀರದ ಸ್ಲಾವ್ ದೊರೆ ಗಾಟ್‌ಶಾಲ್ಕ್‌ಗೆ ಕೊಟ್ಟಿತ್ತು. 1066ರಲ್ಲಿ ಅಲ್ಲಿ ದಂಗೆಯಾಗಿ ಗಂಡನನ್ನು ಕೊಂದು, ಅವಳನ್ನು ಅವಮಾನ ಮಾಡಿ ಓಡಿಸಿದರು. ಅವಳ ಮಗ ಹೆನ್ರಿ ದೊಡ್ಡವನಾಗಿ ಅಲ್ಲಿನ ದೊರೆಯಾದ. ತಾಯಿಗೆ ತವರಿನಿಂದ ಬರಬೇಕಾದ ಪಾಲು ಕೊಡಿ ಅಂತ ಸೋದರಮಾವ ನೀಲ್ಸ್‌ನನ್ನು ಕೇಳಿದ. ನೀಲ್ಸ್ ಕೊಡಲಿಲ್ಲ. ಯೋಚನೆ ಮಾಡಿ: ನೀಲ್ಸ್ ಕೂತಿದ್ದ ಸಿಂಹಾಸನವೇ ಅಜ್ಜಿಯ ಕಡೆಯಿಂದ ಬಂದದ್ದು. ಅವನು ಅಕ್ಕನ ಮಗನಿಗೆ ತಾಯಿಯ ಪಾಲು ಇಲ್ಲ ಅಂದ. ಯುದ್ಧವಾಯಿತು, ದಕ್ಷಿಣದ ಗಡಿ ವರ್ಷಗಟ್ಟಲೆ ಉರಿಯಿತು.

ಆ ಬೆಂಕಿ ಆರಿಸಿದವನು ಕ್ನೂಟ್ ಲಾವರ್ಡ್, ಯಾತ್ರೆಯಲ್ಲಿ ಸತ್ತ ಎರಿಕ್-ಬೋಡಿಲ್ ದಂಪತಿಯ ಮಗ. ಅವನು ಗಡಿಯ ಯಾರ್ಲ್ ಆಗಿ ಹೆನ್ರಿಯ ಜೊತೆ ರಾಜಿ ಮಾಡಿಕೊಂಡ. ಹೆನ್ರಿಯ ನಂತರ ಆ ಸ್ಲಾವ್ ನಾಡಿನ ದೊರೆತನವೂ ಅವನಿಗೇ ಬಂತು. ಅವನ ಹೆಸರು ಬೆಳೆದದ್ದು ನೋಡಿ ನೀಲ್ಸ್‌ನ ಮಗ ಮಾಗ್ನುಸ್‌ಗೆ ಭಯ ಹುಟ್ಟಿತು. ಮುಂದೆ ರಾಜ ನಾನೋ ಇವನೋ? 1131ರ ಜನವರಿ 7ರಂದು ಮಾಗ್ನುಸ್ ತನ್ನ ದೊಡ್ಡಪ್ಪನ ಮಗನನ್ನು ಹರಾಲ್ಡ್‌ಸ್ಟೆಡ್ ಕಾಡಿಗೆ ಕರೆಸಿ ಕೊಂದ.

ಒಂದು ವಾರದ ಮೇಲೆ, ಜನವರಿ 14ರಂದು, ಸತ್ತವನ ಹೆಂಡತಿ ಇಂಗೆಬೋರ್ಗ್ ಗಂಡುಮಗು ಹೆತ್ತಳು. ಅವಳು ಕೀವ್‌ನ ರಾಜಮನೆತನದವಳು. ಮಗುವಿಗೆ ತನ್ನ ಅಜ್ಜ ವ್ಲಾದಿಮಿರ್‌ನ ಹೆಸರಿಟ್ಟಳು. ಡ್ಯಾನಿಶ್ ಬಾಯಲ್ಲಿ ಅದು ವಾಲ್ಡೆಮಾರ್ ಆಯಿತು. ಆ ವ್ಲಾದಿಮಿರ್‌ನ ಹೆಂಡತಿ ಯಾರು ಗೊತ್ತೇ? ಹೇಸ್ಟಿಂಗ್ಸ್‌ನಲ್ಲಿ ಸತ್ತ ಹೆರಾಲ್ಡ್‌ನ ಮಗಳು. ತಂದೆ ಸತ್ತ ಮೇಲೆ ಅವಳು ಆಶ್ರಯ ಕೇಳಿ ಬಂದದ್ದು ನಮ್ಮ ಸ್ವೆನ್ ಹತ್ತಿರ, ಮದುವೆ ಮಾಡಿ ಕೀವ್‌ಗೆ ಕಳಿಸಿದ್ದೂ ಅವನೇ ಅಂತ ಹಳೆಯ ಚರಿತ್ರೆಕಾರ ಸ್ಯಾಕ್ಸೋ ಬರೆಯುತ್ತಾನೆ. ಸ್ವೆನ್ ಕಳಿಸಿದ ಹೆಣ್ಣುಮಗಳ ಸಂತತಿ ಮುಂದೆ ಅವನ ಮನೆಗೇ ಸೊಸೆಯಾಗಿ ಬಂತು.

ಕೊಲೆಗೆ ಪ್ರತಿಕೊಲೆ ನಡೆಯಿತು. 1134ರ ಜೂನ್‌ನಲ್ಲಿ ಮಾಗ್ನುಸ್ ಯುದ್ಧದಲ್ಲಿ ಸತ್ತ. ಅದೇ ತಿಂಗಳು ಮುದುಕ ನೀಲ್ಸ್‌ನನ್ನು ಶ್ಲೆಸ್ವಿಗ್ ಪಟ್ಟಣದ ಜನ ಕೊಂದರು. 1157ರ ಹೊತ್ತಿಗೆ ಸಿಂಹಾಸನಕ್ಕೆ ಮೂವರು ಉಳಿದಿದ್ದರು: ವಾಲ್ಡೆಮಾರ್, ಕೊಲೆಗಾರ ಮಾಗ್ನುಸ್‌ನ ಮಗ ಕ್ನೂಟ್, ಮತ್ತೊಬ್ಬ ಸ್ವೆನ್. ದೇಶವನ್ನು ಮೂರು ಪಾಲು ಮಾಡಿಕೊಂಡು, ಆಗಸ್ಟ್ 9ರಂದು ರೋಸ್ಕಿಲ್ಡದಲ್ಲಿ ಔತಣಕ್ಕೆ ಕೂತರು. ಸ್ವೆನ್‌ನ ಕಡೆಯವರು ಕತ್ತಿ ಹಿರಿದರು. ಕ್ನೂಟ್ ಅಲ್ಲೇ ಸತ್ತ, ವಾಲ್ಡೆಮಾರ್ ಗಾಯಗೊಂಡು ಕತ್ತಲಲ್ಲಿ ಓಡಿದ. ಅಕ್ಟೋಬರ್ 23ರಂದು ಗ್ರಾಥೆ ಬಯಲಿನಲ್ಲಿ ಸ್ವೆನ್ ಸತ್ತ. ಇಪ್ಪತ್ತಾರು ವರ್ಷದ ವಾಲ್ಡೆಮಾರ್ ಒಬ್ಬನೇ ರಾಜ.

ಅವನು ಮಾಡಿದ ಮುಖ್ಯ ಕೆಲಸ ಇದು: 1170ರ ಜೂನ್ 25ರಂದು ರಿಂಗ್‌ಸ್ಟೆಡ್‌ನಲ್ಲಿ ಕೊಲೆಯಾದ ತನ್ನ ತಂದೆಯನ್ನು ಸಂತನಾಗಿ ಪ್ರತಿಷ್ಠಾಪಿಸಿದ, ಅದೇ ದಿನ ತನ್ನ ಏಳು ವರ್ಷದ ಮಗನಿಗೆ ಕಿರೀಟ ಇಡಿಸಿದ. ಇನ್ನು ಮೇಲೆ ತಂದೆಯಿಂದ ಮಗನಿಗೆ ಅನ್ನೋದು ಅದರ ಅರ್ಥ. ಚುನಾವಣೆಯ ಪದ್ಧತಿ ಪೂರ್ತಿ ನಿಲ್ಲಲಿಲ್ಲ, ಮುಂದೆ ಜಗಳಗಳೂ ತಪ್ಪಲಿಲ್ಲ. ಆದರೆ ಹಾದಿ ಬದಲಾಯಿತು.

ಈ ವಂಶ ಮುಗಿದದ್ದೂ ಒಬ್ಬ ಹೆಣ್ಣುಮಗಳ ಕೈಯಲ್ಲಿ. 1375ರಲ್ಲಿ ರಾಜ ವಾಲ್ಡೆಮಾರ್ ಆಟರ್‌ಡಾಗ್ ಗಂಡುಮಕ್ಕಳಿಲ್ಲದೆ ಸತ್ತ. ಅವನ ಮಗಳು ಮಾರ್ಗರೇಟ್ ತನ್ನ ಐದು ವರ್ಷದ ಮಗನನ್ನು ರಾಜನಾಗಿ ಆರಿಸುವಂತೆ ಮಾಡಿದಳು. ಆ ಹುಡುಗ 1387ರಲ್ಲಿ ತೀರಿಕೊಂಡ. ಆಮೇಲೆ ಅವಳೇ ಆಳಿದಳು. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ ಕಾಲ್ಮಾರ್ ಒಕ್ಕೂಟದಲ್ಲಿ ಸೇರಿಸಿ 1412ರಲ್ಲಿ ಕಣ್ಣುಮುಚ್ಚಿದಳು. ಅವಳ ಸಮಾಧಿಯೂ ರೋಸ್ಕಿಲ್ಡದಲ್ಲೇ ಇದೆ.

ಈಗ ಆ ಕಂಬಗಳಿಗೆ ವಾಪಸ್ ಬರೋಣ. ವಿಜ್ಞಾನಿಗಳು ಎರಡೂ ಕಂಬಗಳ ಮೂಳೆಗಳಿಂದ ಹಲ್ಲುಗಳನ್ನು ತೆಗೆದು ಡಿಎನ್‌ಎ ಪರೀಕ್ಷೆ ಮಾಡಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಅವರು ನೋಡಿದ್ದು ಮೈಟೊಕಾಂಡ್ರಿಯಾದ ಡಿಎನ್‌ಎ. ಇದರ ವಿಶೇಷ ಏನಪ್ಪಾ ಅಂದರೆ, ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತೆ. ತಂದೆಗೆ ಇದರಲ್ಲಿ ಪಾಲಿಲ್ಲ. ಆಕೆ ಎಸ್ಟ್ರಿಡ್ ಆಗಿದ್ದರೆ ಎರಡೂ ಹೊಂದಬೇಕಿತ್ತು. ಹೊಂದಲಿಲ್ಲ. ಕಂಬದೊಳಗಿನ ಹೆಂಗಸು ಸ್ವೆನ್‌ನ ತಾಯಿಯಲ್ಲ. ವಯಸ್ಸೂ ಸುಮಾರು 35, ಎಸ್ಟ್ರಿಡ್ ಅದಕ್ಕಿಂತ ತುಂಬಾ ಹೆಚ್ಚು ಕಾಲ ಬದುಕಿದವಳು. ಎಸ್ಟ್ರಿಡ್‌ಗೆ ಮಾರ್ಗರೇಟ್ ಅಂತ ಇನ್ನೊಂದು ಹೆಸರಿತ್ತು. ಸ್ವೆನ್‌ನ ಒಬ್ಬ ಸೊಸೆಯ ಹೆಸರೂ ಅದೇ. ಹೆಸರು ಒಂದೇ ಆದ್ದರಿಂದ ಅತ್ತೆ-ಸೊಸೆ ಅದಲುಬದಲಾಗಿರಬಹುದು ಅನ್ನೋದು ಒಂದು ಊಹೆ.

ಅಂದರೆ ರಾಜವಂಶಕ್ಕೆ ಹೆಸರು ಕೊಟ್ಟವಳ ಮೂಳೆ ಆ ಕಂಬದಲ್ಲಿಲ್ಲ. ಆದರೂ ಮಗನ ಒಂದು ಹಲ್ಲಿನಲ್ಲಿ ಅವಳು ಸಾವಿರ ವರ್ಷ ಉಳಿದಿದ್ದಳು. ಅಲ್ಲಿರೋದು ಅವಳಲ್ಲ ಅಂತ ತೋರಿಸಿಕೊಟ್ಟದ್ದೂ ಅವಳೇ ಮಗನಿಗೆ ಕೊಟ್ಟದ್ದು.

ಕೊನೆಯ ಮಾತು. 2024ರ ಜನವರಿ 14ರಂದು ಡೆನ್ಮಾರ್ಕ್‌ನಲ್ಲಿ ಹತ್ತನೇ ಫ್ರೆಡರಿಕ್ ರಾಜರಾದರು. ಬೇರೆ ಬೇರೆ ಹೆಣ್ಣುಮಕ್ಕಳ ಮೂಲಕ ಅವರ ವಂಶಾವಳಿ ನಮ್ಮ ಸ್ವೆನ್‌ವರೆಗೆ ಹೋಗುತ್ತೆ. ಅವರ ತಂದೆ ಫ್ರಾನ್ಸ್‌ನವರು. ಸಿಂಹಾಸನ ಬಂದದ್ದು ತಾಯಿ, ರಾಣಿ ಎರಡನೇ ಮಾರ್ಗರೇಟ್ ಅವರಿಂದ. ಅವರಿಗೆ ಆ ಹಕ್ಕು ಸಿಗಲು 1953ರಲ್ಲಿ ಕಾನೂನನ್ನೇ ಬದಲಿಸಬೇಕಾಯಿತು. ಸ್ವೆನ್‌ನ ಕಾಲದಲ್ಲಿ ಕಾನೂನು ಬದಲಿಸಲಿಲ್ಲ, ತಾಯಿಯ ಹೆಸರನ್ನು ತನ್ನ ಹೆಸರಿನ ಪಕ್ಕದಲ್ಲಿ ಇಟ್ಟುಕೊಂಡ, ಅಷ್ಟೇ.

ನಿಮ್ಮ ಮನೆಯ ವಂಶವೃಕ್ಷ ಬರೆಯೋಕೆ ಕೂತರೆ ಅಜ್ಜಿಯ ತಾಯಿಯ ಹೆಸರು ಏನು ಅಂತ ಒಮ್ಮೆ ಕೇಳಿ ನೋಡಿ. ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳಿ.